ಕಾರಿನ ಸೀಟ್ ಹೀಟರ್ ಕೆಟ್ಟಿದೆಯೇ? ಫ್ಯೂಸ್‌ಗೆ ತಂತಿ ಸುತ್ತುವ ಮೊದಲು ಇದನ್ನು ಓದಿ

"ಫ್ಯೂಸ್ ಹೋಗಿದ್ದರೆ ಒಂದು ತಾಮ್ರದ ತಂತಿ ಸುತ್ತಿ ಹಾಕಿ, ಖರ್ಚಿಲ್ಲದೆ ಸರಿಹೋಗುತ್ತದೆ." ಮನೆಯ ಮೀಟರ್ ಬೋರ್ಡ್‌ನಿಂದ ಹಿಡಿದು ಕಾರಿನವರೆಗೆ ಎಲ್ಲಕ್ಕೂ ಈ ಸಲಹೆ ಕೇಳಿಬರುತ್ತದೆ. ಸೀಟ್ ಹೀಟರ್ ವಿಷಯದಲ್ಲಿ ಇದು ಸರಿಯೇ?

ಚಿಕ್ಕ ಉತ್ತರ: ಸರಿಯಲ್ಲ, ಅಪಾಯಕಾರಿ. ಹೀಟರ್ ಮತ್ತೆ ಕೆಲಸ ಮಾಡಬಹುದು. ಆದರೆ ನೀವು ಕುಳಿತ ಸೀಟಿನ ಕೆಳಗೆ ಬೆಂಕಿ ತಡೆಯುವ ಏರ್ಪಾಡನ್ನೇ ತೆಗೆದುಹಾಕಿದಂತಾಗುತ್ತದೆ.

ಕೋಲಾರದ ಬಿಸಿಲಿಗೆ ಸೀಟ್ ಹೀಟರ್ ಯಾಕೆ?

ಡಿಸೆಂಬರ್, ಜನವರಿಯ ಬೆಳಗಿನ ಜಾವ ಬಿಟ್ಟರೆ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಇದರ ಅಗತ್ಯ ಬೀಳುವುದು ಕಡಿಮೆ. ಆದರೂ ಈ ಸೌಲಭ್ಯ ಕಾರಿನ ಜೊತೆಗೇ ಬರುತ್ತಿದೆ. ಹಿಂದೆ ದುಬಾರಿ ವಿದೇಶಿ ಕಾರುಗಳಲ್ಲಿ ಕಾಣುತ್ತಿದ್ದ ಇದು 2023ರಲ್ಲಿ ಬಂದ ಹುಂಡೈ ವೆರ್ನಾದ ಮೇಲಿನ ಮಾದರಿಗಳಲ್ಲೂ ಇದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ದೊಡ್ಡ ಕಾರು ಕೊಂಡವರಿಗೂ ಸಿಗುತ್ತದೆ. ಲೈಟರ್ ಸಾಕೆಟ್‌ಗೆ ಸಿಕ್ಕಿಸುವ ಬಿಸಿ ಪ್ಯಾಡ್‌ಗಳು ಆನ್‌ಲೈನ್‌ನಲ್ಲಿ ಮಾರಾಟಕ್ಕಿವೆ. ವರ್ಷದ ಬಹುಪಾಲು ಬಳಸದ ವಸ್ತುವಾದ್ದರಿಂದ ಕೆಟ್ಟಿರುವುದು ಗೊತ್ತಾಗುವುದೇ ತಡವಾಗಿ.

ಇದು ಕೆಲಸ ಮಾಡುವುದು ಹೇಗೆ?

ಸೀಟಿನ ಬಟ್ಟೆ ಅಥವಾ ಲೆದರ್ ಕೆಳಗೆ ತೆಳುವಾದ ಹೀಟರ್ ಪ್ಯಾಡ್ ಇರುತ್ತದೆ. ಅದರೊಳಗಿನ ತಂತಿ ಅಥವಾ ಕಾರ್ಬನ್ ಎಳೆಯಲ್ಲಿ ವಿದ್ಯುತ್ ಹರಿದಾಗ ಬಿಸಿಯಾಗುತ್ತದೆ, ಇಸ್ತ್ರಿ ಪೆಟ್ಟಿಗೆಯ ಹಾಗೆ. ಶಾಖ ಹೆಚ್ಚಾದರೆ ಸೆನ್ಸರ್ ಅಥವಾ ಥರ್ಮೋಸ್ಟಾಟ್ ತಡೆಯುತ್ತದೆ. 60 ವ್ಯಾಟ್‌ನ ಪ್ಯಾಡ್ 12 ವೋಲ್ಟ್ ಬ್ಯಾಟರಿಯಿಂದ 5 ಆಂಪಿಯರ್ ಎಳೆಯುತ್ತದೆ.

12 ವೋಲ್ಟ್ ಅಂದರೆ ಶಾಕ್ ಹೊಡೆಯುವುದಿಲ್ಲ, ಹಾಗಾಗಿ ಅಪಾಯವಿಲ್ಲ ಎಂಬ ನಂಬಿಕೆ ಇದೆ. ಮೊದಲ ಮಾತು ಬಹುಮಟ್ಟಿಗೆ ನಿಜ, ಎರಡನೆಯದು ಸುಳ್ಳು. ಶಾರ್ಟ್ ಆದರೆ ಅದೇ ಬ್ಯಾಟರಿ ನೂರಾರು ಆಂಪಿಯರ್ ಹರಿಸಬಲ್ಲದು. ತಂತಿಯಲ್ಲಿ ಕರೆಂಟ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ. ಫ್ಯೂಸ್ ಇದ್ದರೆ ಅದು ಮೊದಲು ಕರಗುತ್ತದೆ. ದಪ್ಪ ತಂತಿ ಸುತ್ತಿದ್ದರೆ ಸೀಟಿನ ಒಳಗಿನ ವೈರಿಂಗ್ ಮೊದಲು ಸುಡುತ್ತದೆ. ಪಕ್ಕದಲ್ಲೇ ಫೋಮ್ ಇದೆ.

ಬೋರ್‌ವೆಲ್ ನಂಬಿ ಬದುಕುವ ನಮ್ಮ ಜಿಲ್ಲೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಪಂಪ್‌ಸೆಟ್ ಫ್ಯೂಸ್‌ಗೆ ದಪ್ಪ ತಂತಿ ಕಟ್ಟಿದರೆ ಫ್ಯೂಸ್ ಉಳಿಯುತ್ತದೆ, ಮೋಟರ್ ಸುಡುತ್ತದೆ. ಕಾರಿನಲ್ಲಿ ಆ ಮೋಟರ್ ಜಾಗದಲ್ಲಿ ನೀವು ಕುಳಿತಿರುತ್ತೀರಿ.

ಲಕ್ಷಣ ನೋಡಿ ದೋಷ ಗುರುತಿಸಿ

• ಎರಡೂ ಸೀಟು ಬಿಸಿಯಾಗುತ್ತಿಲ್ಲ: ಮೊದಲು ಎಂಜಿನ್ ಚಾಲೂ ಮಾಡಿ ನೋಡಿ. ಹಲವು ಕಾರುಗಳಲ್ಲಿ ಎಂಜಿನ್ ಓಡುತ್ತಿದ್ದರೆ ಮಾತ್ರ ಹೀಟರ್ ಕೆಲಸ ಮಾಡುತ್ತದೆ. ಆಮೇಲೆ ಫ್ಯೂಸ್ ನೋಡಿ.

• ಒಂದೇ ಸೀಟು ಬಿಸಿಯಾಗುತ್ತಿಲ್ಲ: ಸ್ವಿಚ್, ಸೀಟಿನ ಕೆಳಗಿನ ಕನೆಕ್ಟರ್ ಅಥವಾ ಪ್ಯಾಡ್ ಕೆಟ್ಟಿರಬಹುದು. ಸೀಟನ್ನು ಹಿಂದೆ ಮುಂದೆ ಸರಿಸುವಾಗ ಕನೆಕ್ಟರ್ ಸಡಿಲವಾಗುವುದುಂಟು.

• ಬೆನ್ನಿನ ಭಾಗ ಬಿಸಿ, ಕೂರುವ ಭಾಗ ತಣ್ಣಗೆ: ಪ್ಯಾಡ್‌ನ ಎಳೆ ತುಂಡಾಗಿರುವ ಸಾಧ್ಯತೆ ಹೆಚ್ಚು. ಸೀಟಿನ ಮೇಲೆ ಮಂಡಿಯೂರುವುದು, ಭಾರದ ವಸ್ತು ಇಡುವುದು, ಹೊಸ ಸೀಟ್ ಕವರ್ ಹಾಕುವಾಗ ಸೂಜಿ ಅಥವಾ ಕ್ಲಿಪ್ ಚುಚ್ಚುವುದು ಇದಕ್ಕೆ ಸಾಮಾನ್ಯ ಕಾರಣಗಳು.

• ಒಂದೇ ಕಡೆ ಸುಡುತ್ತದೆ, ಸುಟ್ಟ ವಾಸನೆ ಬರುತ್ತದೆ, ಆಫ್ ಮಾಡಿದರೂ ಬಿಸಿ ನಿಲ್ಲುವುದಿಲ್ಲ: ಇದು ತುರ್ತು. ಗಾಡಿ ನಿಲ್ಲಿಸಿ, ಇಳಿಯಿರಿ. ಹೊಗೆ ಇಲ್ಲದಿದ್ದರೆ ಹೀಟರ್‌ನ ಫ್ಯೂಸ್ ಕಿತ್ತುಬಿಡಿ. ರಿಪೇರಿ ಆಗುವವರೆಗೆ ಮತ್ತೆ ಹಾಕಬೇಡಿ.

ನೀವೇ ಮಾಡಬಹುದಾದದ್ದು

ಕಾರಿನ ಕೈಪಿಡಿಯಲ್ಲಿ ಹೀಟರ್‌ನ ಫ್ಯೂಸ್ ಯಾವುದೆಂದು ಬರೆದಿರುತ್ತದೆ. ಇಗ್ನಿಷನ್ ಆಫ್ ಮಾಡಿ ಅದನ್ನು ತೆಗೆದು ನೋಡಿ. ಒಳಗಿನ ಪಟ್ಟಿ ತುಂಡಾಗಿದ್ದರೆ ಅಷ್ಟೇ ಆಂಪಿಯರ್‌ನ ಹೊಸದನ್ನು ಹಾಕಿ. ಸಾಮಾನ್ಯವಾಗಿ ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. 15ರ ಜಾಗಕ್ಕೆ 30 ಹಾಕುವುದೂ ತಂತಿ ಸುತ್ತುವಂಥದೇ ತಪ್ಪು. ಹೊಸ ಫ್ಯೂಸ್ ಕೂಡ ಹೋದರೆ ದೋಷ ಫ್ಯೂಸ್‌ನದಲ್ಲ, ಎಲ್ಲೋ ಶಾರ್ಟ್ ಇದೆ. ಮೂರನೆಯದನ್ನು ಹಾಕಬೇಡಿ.

ಮೆಕ್ಯಾನಿಕ್‌ಗೆ ಬಿಡಬೇಕಾದದ್ದು

ಅನೇಕ ಕಾರುಗಳಲ್ಲಿ ಸೈಡ್ ಏರ್‌ಬ್ಯಾಗ್ ಇರುವುದು ಸೀಟಿನಲ್ಲೇ. ಅದರ ಕನೆಕ್ಟರ್ ಸಾಮಾನ್ಯವಾಗಿ ಹಳದಿ ಬಣ್ಣದ್ದು. ಅದಕ್ಕೆ ಟೆಸ್ಟರ್ ಅಥವಾ ಮಲ್ಟಿಮೀಟರ್ ತಾಗಿಸಬಾರದು, ಏರ್‌ಬ್ಯಾಗ್ ಸಿಡಿಯಬಹುದು. ಸೀಟು ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದು, ಕಂಪನಿ ಹೇಳಿದಷ್ಟು ಹೊತ್ತು ಕಾಯಬೇಕು.

ಮೆಕ್ಯಾನಿಕ್ ಪ್ಯಾಡ್‌ನ ರೆಸಿಸ್ಟೆನ್ಸ್ ಅಳೆಯುತ್ತಾರೆ. ಸರಿಯಿರುವ ಪ್ಯಾಡ್ ಸಾಮಾನ್ಯವಾಗಿ ಕೆಲವೇ ಓಮ್ ತೋರಿಸುತ್ತದೆ. ಮೀಟರ್ ಏನೂ ತೋರಿಸದಿದ್ದರೆ ಎಳೆ ತುಂಡಾಗಿದೆ ಎಂದರ್ಥ. ತುಂಡಾದದ್ದನ್ನು ತಿರುಚಿ ಟೇಪ್ ಸುತ್ತಿದರೆ ಆ ಗಂಟೇ ಅತಿಯಾಗಿ ಕಾಯುತ್ತದೆ. ಪ್ಯಾಡ್ ಬದಲಿಸುವುದೇ ಸರಿಯಾದ ರಿಪೇರಿ. ಸೀಟ್ ಕವರ್ ಹಾಕಿಸುವಾಗಲೂ "ಒಳಗೆ ಹೀಟರ್, ಏರ್‌ಬ್ಯಾಗ್ ಇದೆ" ಎಂದು ಅಂಗಡಿಯವರಿಗೆ ಮೊದಲೇ ಹೇಳಿ.

ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದವರು ಗಮನಿಸಿ

ನರ ದುರ್ಬಲವಾಗಿ ಸ್ಪರ್ಶ ಕಡಿಮೆಯಾದವರಿಗೆ, ಪಾರ್ಶ್ವವಾಯು ಆದವರಿಗೆ ಬಿಸಿ ಹೆಚ್ಚಾದದ್ದು ತಿಳಿಯುವುದಿಲ್ಲ. ಸುಮಾರು 44 ಡಿಗ್ರಿ ಶಾಖ ಕೂಡ ಗಂಟೆಗಟ್ಟಲೆ ತಾಗುತ್ತಿದ್ದರೆ ಚರ್ಮ ಸುಡುತ್ತದೆ. ಅಂಥವರು ಕೂರುವ ಸೀಟಿನ ಹೀಟರ್ ಆಫ್ ಇರಲಿ. ಉಳಿದವರೂ ಸೀಟು ಬೆಚ್ಚಗಾದ ಮೇಲೆ ಆಫ್ ಮಾಡುವುದು ಒಳ್ಳೆಯದು.

ನೆನಪಿಡಿ: ಫ್ಯೂಸ್ ಹೋಗುವುದು ಕಾಯಿಲೆಯಲ್ಲ, ಕಾಯಿಲೆಯ ಸೂಚನೆ. ತಂತಿ ಸುತ್ತುವ ಸಲಹೆ ನಿಮಗೆ ಬಂದರೆ ಮುಂದೆ ಕಳಿಸಬೇಡಿ. ಕಳಿಸಿದವರಿಗೆ ಕಾರಣ ತಿಳಿಸಿ.