ದೋಣಿಯಲ್ಲಿ ಕಾಲಿಗೆ ಜಾಗ ಎಲ್ಲಿ?

ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಯ ಬಳಿ ತುಂಗಭದ್ರೆಯ ಹರಿಗೋಲುಗಳನ್ನು ಕಂಡ. ಬುಟ್ಟಿಯಂತೆ ದುಂಡಗಿವೆ, ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮ. ಹದಿನೈದು ಇಪ್ಪತ್ತು ಜನ ಕೂರಬಹುದು, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸಬಹುದು. ಹುಟ್ಟು ಹಾಕುತ್ತಿದ್ದರೂ ನೇರ ಹೋಗದೆ ಸುತ್ತುತ್ತಲೇ ಇರುತ್ತವೆ ಎಂದು ಬರೆದಿಟ್ಟ. ದೋಣಿಯ ಆಕಾರ, ಸಾಮಗ್ರಿ, ಭಾರ, ಚಲನೆ ಎಲ್ಲವೂ ಅವನ ಕಣ್ಣಿಗೆ ಬಿದ್ದಿವೆ. ಆ ಇಪ್ಪತ್ತು ಜನ ತಮ್ಮ ನಲವತ್ತು ಕಾಲುಗಳನ್ನು ಎಲ್ಲಿಟ್ಟುಕೊಂಡಿದ್ದರು ಎಂಬುದು ಮಾತ್ರ ಅವನ ವರ್ಣನೆಯಲ್ಲಿಲ್ಲ.

ದೋಣಿಯ ಚರಿತ್ರೆ ಬರೆಯುವವರು ಮರ, ಹಾಯಿ, ಲಂಗರುಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಒಳಗೆ ಕೂತವರ ಪಾದದ ಬಗ್ಗೆ ಬರೆದವರು ಕಡಿಮೆ. ಆದರೆ ಸಣ್ಣ ದೋಣಿಯಲ್ಲಿ, ಅದರಲ್ಲೂ ಸೆಳವಿರುವ ನೀರಿನಲ್ಲಿ, ದೋಣಿಗೂ ಮೈಗೂ ನಂಟು ಬೆಸೆಯುವುದು ಕಾಲು ಮತ್ತು ಮಂಡಿ. ಕಾಲು ಸರಿಯಾಗಿ ಊರದಿದ್ದರೆ ಕೈಯಲ್ಲಿರುವ ಹುಟ್ಟಿಗೆ ಬಲವಿಲ್ಲ. ಕಾಲು ತೀರಾ ಬಿಗಿಯಾಗಿ ಸಿಕ್ಕಿಕೊಂಡರೆ ದೋಣಿ ಮಗುಚಿದಾಗ ಮನುಷ್ಯ ಹೊರಗೆ ಬರಲಾರ. ಈ ಎರಡರ ನಡುವೆ ದಾರಿ ಹುಡುಕಿದ್ದೇ ದೋಣಿಯ ಒಳಾಂಗಣದ ಚರಿತ್ರೆ.

ಹಳೆಯ ಬರಹಗಳಲ್ಲಿ ಇದರ ಸುಳಿವು ಅಲ್ಲೊಂದು ಇಲ್ಲೊಂದು ಸಿಗುತ್ತದೆ. ಕ್ರಿಸ್ತಪೂರ್ವ 5ನೇ ಶತಮಾನದ ಗ್ರೀಕ್ ಚರಿತ್ರೆಕಾರ ಹೆರೊಡೋಟಸ್, ಬ್ಯಾಬಿಲೋನಿಗೆ ಇಳಿದು ಬರುತ್ತಿದ್ದ ಚರ್ಮದ ದುಂಡು ದೋಣಿಗಳನ್ನು ವರ್ಣಿಸುವಾಗ ಎರಡು ವಿವರ ಕೊಡುತ್ತಾನೆ: ಒಳಗೆ ಹುಲ್ಲುಕಡ್ಡಿ ತುಂಬುತ್ತಿದ್ದರು, ನಡೆಸುವ ಇಬ್ಬರು ನಿಂತುಕೊಂಡೇ ಹುಟ್ಟು ಹಾಕುತ್ತಿದ್ದರು. ಅವನಿಂದ ಎರಡು ಸಾವಿರ ವರ್ಷಗಳ ಆಚೆ, 17ನೇ ಶತಮಾನದಲ್ಲಿ ಗೋಲ್ಕೊಂಡ ರಾಜ್ಯದಲ್ಲಿ ವಜ್ರ ಹುಡುಕಿಕೊಂಡು ತಿರುಗಿದ ಫ್ರೆಂಚ್ ವ್ಯಾಪಾರಿ ತಾವೆರ್ನಿಯೇ ಹೆಚ್ಚುಕಡಿಮೆ ಇದನ್ನೇ ಬರೆಯುತ್ತಾನೆ. ಎತ್ತಿನ ಚರ್ಮ ಹೊದಿಸಿದ ಬುಟ್ಟಿದೋಣಿ, ತಳದಲ್ಲಿ ಕಟ್ಟಿಗೆಯ ಕಂತೆ, ಅದರ ಮೇಲೆ ಹಾಸು, ಹಾಸಿನ ಮೇಲೆ ಸಾಮಾನು. ನಾಲ್ಕು ಮೂಲೆಯಲ್ಲಿ ನಾಲ್ವರು ನಿಂತು ಹುಟ್ಟು ಹಾಕಬೇಕು. ಒಬ್ಬನ ತಾಳ ತಪ್ಪಿದರೂ ದೋಣಿ ಗಿರಗಿರನೆ ತಿರುಗಿ, ಇಳಿಯಬೇಕಾದ ಜಾಗಕ್ಕಿಂತ ಎಷ್ಟೋ ಕೆಳಗೆ ಹೋಗಿ ಮುಟ್ಟುತ್ತದೆ.

ಆ ಹುಲ್ಲು, ಕಟ್ಟಿಗೆಯ ಕಂತೆಗಳು ಹಾಕಿದ್ದು ಸರಕು ನೆನೆಯದಿರಲೆಂದು. ಚರ್ಮ ಎಷ್ಟೇ ಹದವಾಗಿದ್ದರೂ ನೀರು ಜಿನುಗುತ್ತದೆ, ತಳದಲ್ಲಿ ನಿಲ್ಲುತ್ತದೆ. ಸರಕಿಗೆಂದು ಹಾಕಿದ್ದು ಕಾಲಿಗೂ ಒದಗಿತು. ಹೆಜ್ಜೆಯ ಭಾರ ನೇರವಾಗಿ ಚರ್ಮದ ಮೇಲೆ ಬೀಳುವುದು ತಪ್ಪಿತು, ಪಾದಕ್ಕೆ ಜಾರದ ನೆಲೆ ಸಿಕ್ಕಿತು. ಯೂಫ್ರೆಟಿಸ್‌ಗೂ ಕೃಷ್ಣೆಗೂ ಸಂಬಂಧ ಕಲ್ಪಿಸುವ ಅಗತ್ಯವೇನಿಲ್ಲ. ಚರ್ಮದ ತಳದ ದೋಣಿ ಇದ್ದಲ್ಲೆಲ್ಲ ಯಾರಾದರೂ ಒಂದು ದಿನ ಈ ಉಪಾಯಕ್ಕೆ ಬಂದೇ ಬರುತ್ತಾರೆ.

ನಮ್ಮ ಸೀಮೆಯಲ್ಲಿ ಹರಿಗೋಲು ಬರೀ ಬಡವರ ದೋಣಿಯಾಗಿರಲಿಲ್ಲ. 1803ರಲ್ಲಿ ಶ್ರೀರಂಗಪಟ್ಟಣದ ಕಡೆಯಿಂದ ಪುಣೆಗೆ ಸೈನ್ಯ ನಡೆಸಿದ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಡ್ಯೂಕ್ ಆದವನು, ದಾರಿಯ ಹೊಳೆಗಳನ್ನು ದಾಟಲು ಬುಟ್ಟಿದೋಣಿಗಳನ್ನು ಸಿದ್ಧಪಡಿಸುವ ಬಗ್ಗೆ ಪತ್ರದ ಮೇಲೆ ಪತ್ರ ಬರೆದ. ಇಲ್ಲಿ ಹೈದರಾಬಾದಿನಲ್ಲಿ ಕೂತು ಬರೆಯುವಾಗ ಇನ್ನೊಂದು ಸಂಗತಿ ನೆನಪಾಗುತ್ತದೆ. ನಿಜಾಮರ ಕಾಲದಲ್ಲಿ ಆನೆಗೊಂದಿ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು, ಎದುರು ದಡದ ಹಂಪಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಕುಕ್ಕರುಗಾಲಲ್ಲಿ ಕೂತು ಹೊಳೆ ದಾಟಿದ ರೈತ, ಎದ್ದು ಇಳಿಯುವಷ್ಟರಲ್ಲಿ ಇನ್ನೊಂದು ಸರ್ಕಾರದ ನೆಲದಲ್ಲಿರುತ್ತಿದ್ದ.

ಕುಕ್ಕರುಗಾಲು ಎಂಬ ಪದ ಇಲ್ಲಿ ಸುಮ್ಮನೆ ಬಂದಿಲ್ಲ. ಕೂರುವ ಬಗೆಗಳಿಗೆ ಕನ್ನಡದಲ್ಲಿ ಪದಗಳ ಕೊರತೆಯಿಲ್ಲ: ಚಕ್ಕಳಮಕ್ಕಳ, ಮಂಡಿಯೂರಿ, ಕಾಲು ನೀಡಿ, ಕಾಲು ಇಳಿಬಿಟ್ಟು, ತುದಿಗಾಲಲ್ಲಿ. ಹರಿಗೋಲಿನಲ್ಲಿ ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ಪರಿಣಾಮವಿದೆ. ಚಕ್ಕಳಮಕ್ಕಳ ಹಾಕಿದರೆ ಭಾರ ತಳಕ್ಕೆ ಹತ್ತಿರ, ದೋಣಿ ನೆಮ್ಮದಿಯಾಗಿರುತ್ತದೆ. ಆದರೆ ಜಾಗ ಹೆಚ್ಚು ಬೇಕು, ತಳದ ನೀರಿನಲ್ಲಿ ಬಟ್ಟೆ ಒದ್ದೆಯಾಗುತ್ತದೆ. ಕುಕ್ಕರುಗಾಲಾದರೆ ಜಾಗ ಉಳಿಯುತ್ತದೆ, ಬಟ್ಟೆಯೂ ಉಳಿಯುತ್ತದೆ. ಭಾರ ಮಾತ್ರ ಸ್ವಲ್ಪ ಮೇಲಕ್ಕೆ ಹೋಗುತ್ತದೆ. ಎದ್ದು ನಿಂತರೆ ಮುಗಿಯಿತು. ಅದಕ್ಕೇ ಅಂಬಿಗರು ಹೇಳುವ ಮೊದಲ ಮಾತೂ ಕೊನೆಯ ಮಾತೂ ‘ಕೂತ್ಕೊಳ್ರಿ, ಏಳಬ್ಯಾಡ್ರಿ’. ಹರಿಗೋಲಿಗೆ ಅಡಿಮರ ಇಲ್ಲ, ತಳ ಚಪ್ಪಟೆ. ಅದರ ಸಮತೋಲ ಇರುವುದೇ ಒಳಗಿನವರ ಮೈಯಲ್ಲಿ.

ನಡೆಸುವವನ ಕಥೆ ಬೇರೆ. ಮೀನಿಗೆ ಹೋಗುವ ಸಣ್ಣ ಹರಿಗೋಲಿನಲ್ಲಿ ಒಬ್ಬನೇ ಇರುತ್ತಾನೆ. ಅಂಚಿಗೆ ಹತ್ತಿರ ಮಂಡಿಯೂರಿ ಇಲ್ಲವೇ ಕುಕ್ಕರುಗಾಲಲ್ಲಿ ಕೂತು, ಹುಟ್ಟನ್ನು ಮುಂದೆ ಚಾಚಿ ನೀರನ್ನು ತನ್ನತ್ತ ಎಳೆದುಕೊಳ್ಳುತ್ತಾನೆ. ಎಳೆಯುವ ಬಲ ತೋಳಿನಿಂದ ಬೆನ್ನಿಗೆ, ಬೆನ್ನಿನಿಂದ ಮಂಡಿ ಪಾದಗಳಿಗೆ ಇಳಿದು ಬಿದಿರಿನ ಹೆಣಿಗೆಗೆ ತಲುಪಬೇಕು. ಗಂಟೆಗಟ್ಟಲೆ ಹೀಗೆ ಕೂತರೆ ಹೆಣಿಗೆಯ ಗುರುತು ಮೊಣಕಾಲಿನ ಮೇಲೆ ಮೂಡುತ್ತದೆ, ಕಾಲು ಜೋಮು ಹಿಡಿಯುತ್ತದೆ. ಮಡಿಸಿದ ಗೋಣಿಚೀಲ, ಹಳೆಯ ಬಟ್ಟೆ ಇವೇ ಅವನ ಮೆತ್ತೆ.

ಇದೇ ಜೋಮಿನ ಸಮಸ್ಯೆ ಭೂಮಿಯ ಇನ್ನೊಂದು ಬದಿಯಲ್ಲೂ ಇತ್ತು. ಇಂಗ್ಲಿಷಿನ ಕನೂ ಎಂಬ ಪದ ಕೆರಿಬಿಯನ್ ದ್ವೀಪಗಳ ಮೂಲನಿವಾಸಿಗಳ ನುಡಿಯಿಂದ ಸ್ಪ್ಯಾನಿಷ್ ಮೂಲಕ ಬಂದದ್ದು. ಕಯಾಕ್ ಎಂಬುದು ಉತ್ತರ ಧ್ರುವದ ಇನ್ಯುಯಿಟ್ ಜನರ ಪದ. ಎರಡು ಪದಗಳ ಹಿಂದೆ ಎರಡು ಭಂಗಿಗಳಿವೆ. ಉತ್ತರ ಅಮೆರಿಕದ ಕಾಡುಹೊಳೆಗಳಲ್ಲಿ ಬರ್ಚ್ ತೊಗಟೆಯ ತೆರೆದ ಕನೂ ನಡೆಸುವವರು ಮಂಡಿಯೂರಿ, ಪಾದಗಳನ್ನು ಹಿಂದಕ್ಕೆ ಮಡಚಿ, ಒಂದೇ ಅಲಗಿನ ಹುಟ್ಟು ಹಾಕುತ್ತಿದ್ದರು. ಇನ್ಯುಯಿಟ್ ಬೇಟೆಗಾರ ಮೇಲೂ ಚರ್ಮ ಹೊದಿಸಿದ ಕಯಾಕಿನಲ್ಲಿ ಕಾಲು ನೀಡಿ ಕೂತು ಎರಡಲಗಿನ ಹುಟ್ಟು ಹಾಕುತ್ತಿದ್ದ. 1865ರಲ್ಲಿ ‘ರಾಬ್ ರಾಯ್’ ಎಂಬ ದೋಣಿಯಲ್ಲಿ ಯುರೋಪಿನ ಹೊಳೆಗಳನ್ನು ಸುತ್ತಿ, ಆ ಬಗ್ಗೆ ಪುಸ್ತಕ ಬರೆದು ಈ ಹವ್ಯಾಸವನ್ನು ಜನಪ್ರಿಯಗೊಳಿಸಿದ ಜಾನ್ ಮ್ಯಾಕ್‌ಗ್ರೆಗರ್ ಕಾಲು ನೀಡಿ ಕೂತು, ಎರಡಲಗಿನ ಹುಟ್ಟು ಹಾಕಿ, ಅದನ್ನು ಕನೂ ಎಂದೇ ಕರೆದ. ಬ್ರಿಟನ್ನಿನಲ್ಲಿ ಈ ಹೆಸರಿನ ಗೊಂದಲ ಇಂದಿಗೂ ಉಳಿದಿದೆ.

1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ, ಆಗ್ಸ್‌ಬರ್ಗ್‌ನ ಕೃತಕ ಕಾಲುವೆಯಲ್ಲಿ, ಸೆಳವಿನ ನೀರಿನ ಸ್ಲಾಲಮ್ ಸ್ಪರ್ಧೆ ಮೊದಲ ಬಾರಿ ನಡೆಯಿತು. ಅಲ್ಲಿಂದ ಮುಂದೆ ಇಪ್ಪತ್ತು ವರ್ಷ ಬಿಟ್ಟು, 1992ರಲ್ಲಿ ಮರಳಿ ಬಂತು. ಸ್ಪರ್ಧೆಯ ಹೆಸರುಗಳಲ್ಲೇ ಭಂಗಿ ಅಡಗಿದೆ: ಕೆ ಎಂದರೆ ಕೂತು ನಡೆಸುವ ಕಯಾಕ್, ಸಿ ಎಂದರೆ ಮಂಡಿಯೂರಿ ನಡೆಸುವ ಕನೂ. ಹೆಂಗಸರಿಗೆ ಸಿ ವರ್ಗದ ಸ್ಲಾಲಮ್ ಒಲಿಂಪಿಕ್ಸ್‌ನಲ್ಲಿ ಸಿಕ್ಕಿದ್ದು 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ. ಹೆಂಗಸರು ಮಂಡಿಯೂರಿ ಹುಟ್ಟು ಹಾಕುವುದಕ್ಕೆ ಕ್ರೀಡಾಲೋಕ ಅಷ್ಟು ಕಾಲ ತೆಗೆದುಕೊಂಡಿತು. ನಮ್ಮ ಹೊಳೆಗಳ ಮೀನುಗಾರ ಹೆಣ್ಣುಮಕ್ಕಳು ಅದಕ್ಕೆ ಕಾದಿರಲಿಲ್ಲ.

ಮಂಡಿಯೂರಿದ ಕಾಲಿಗೆ ಆಗುವುದಿಷ್ಟು. ಪಾದ ಹಿಂದಕ್ಕೆ ಚಾಚಿ, ಅದರ ಮೇಲ್ಭಾಗ ತಳಕ್ಕೆ ಒತ್ತುತ್ತದೆ. ಹರಡು ತೀರಾ ಬಾಗುತ್ತದೆ. ತೊಡೆಯ ಭಾರಕ್ಕೆ ಮೀನಖಂಡ ಅದುಮಿ ರಕ್ತದ ಓಟ ನಿಧಾನವಾಗುತ್ತದೆ, ನರ ಒತ್ತಿಹೋಗುತ್ತದೆ. ಇದಕ್ಕೆ ಕನೂ ನಡೆಸುವವರು ಒಂದೊಂದಾಗಿ ಪರಿಹಾರ ಸೇರಿಸುತ್ತ ಬಂದರು. ನಡುವೆ ಕುದುರೆಯ ಜೀನಿನಂತೆ ಫೋಮಿನ ದಿಂಡು ಇಟ್ಟು ಕೂತರೆ ಮಂಡಿಯ ಮಡಿಕೆ ಸಡಿಲವಾಗುತ್ತದೆ. ಮಂಡಿಯ ಕೆಳಗೆ ಮೆತ್ತೆ. ಹರಡಿನ ಕೆಳಗೆ ಸಣ್ಣ ಸುರುಳಿಯಿಟ್ಟರೆ ಪಾದ ಪೂರ್ತಿ ಚಾಚಬೇಕಿಲ್ಲ. ತೊಡೆಯ ಮೇಲೆ ಪಟ್ಟಿ. ಹಿಂದೆ, ಕಾಲ್ಬೆರಳು ಊರುವಲ್ಲಿ, ಎರಡು ಗೂಟ.

ಆ ಗೂಟಗಳೇ ಇಡೀ ಏರ್ಪಾಡಿನ ಮರ್ಮ. ಬೆರಳಿನಿಂದ ಗೂಟವನ್ನು ಒತ್ತಿದರೆ ಮಂಡಿ ಮುಂದಕ್ಕೆ ಸರಿದು ತೊಡೆ ಪಟ್ಟಿಗೆ ಬಿಗಿಯುತ್ತದೆ. ಮನುಷ್ಯನೂ ದೋಣಿಯೂ ಒಂದೇ ಮೈಯಾಗುತ್ತಾರೆ. ಒತ್ತುವುದನ್ನು ನಿಲ್ಲಿಸಿದರೆ ಪಟ್ಟಿ ಸಡಿಲ, ಮನುಷ್ಯ ಹೊರಗೆ. ಒತ್ತಿದರೆ ಹಿಡಿತ, ಬಿಟ್ಟರೆ ಬಿಡುಗಡೆ. ಕಯಾಕಿನಲ್ಲೂ ಪಾದದ ಮುಂದೆ ಒದೆಯಲು ಒಂದು ಅಡ್ಡಪಟ್ಟಿ ಇರುತ್ತಿತ್ತು. ಮೂಗು ಬಂಡೆಗೆ ಅಪ್ಪಳಿಸಿದಾಗ ಪಾದ ಅದನ್ನು ದಾಟಿ ಮುಂದೆ ನುಗ್ಗಿ, ಹಿಂದಕ್ಕೆ ಬರಲಾಗದೆ ಸಿಕ್ಕಿಕೊಳ್ಳುವ ಅಪಾಯವಿತ್ತು. ಕಡಿದಾದ ಹೊಳೆಗಳಿಗೆ ಇಳಿಯುವ ಕಯಾಕ್‌ಗಳಲ್ಲಿ ಅದರ ಜಾಗಕ್ಕೆ ಅಂಗಾಲು ಪೂರ್ತಿ ಊರುವ ಅಗಲದ ಹಲಗೆ, ಫೋಮಿನ ಗೋಡೆ ಬಂದವು.

ತೆರೆದ ಕನೂವಿನಲ್ಲಿ ಅಪಾಯ ಇನ್ನೊಂದು ಕಡೆ ಇದೆ. ಮಂಡಿಯೂರಿದವನ ಪಾದ ಹಲಗೆಯ ಕೆಳಗೆ ಹೋಗಿರುತ್ತದೆ. ಹಲಗೆ ತಗ್ಗಿನಲ್ಲಿದ್ದು ಬೂಟು ದಪ್ಪಗಿದ್ದರೆ ಮಗುಚಿದಾಗ ಹಿಮ್ಮಡಿ ಅಲ್ಲೇ ಕಚ್ಚಿಕೊಳ್ಳುತ್ತದೆ. ಅದಕ್ಕೇ ಹಲಗೆಯ ಎತ್ತರ, ಬೂಟಿನ ದಪ್ಪ ಎರಡನ್ನೂ ದಡದಲ್ಲೇ ಒಮ್ಮೆ ಅಳೆದು ನೋಡುವುದು ವಾಡಿಕೆ. ಜೋಮು ಹಿಡಿದ ಕಾಲಿಗೆ ತಾನು ಎಲ್ಲಿ ಸಿಕ್ಕಿದ್ದೇನೆಂದೇ ತಿಳಿಯುವುದಿಲ್ಲ. ಮೆತ್ತೆಯನ್ನು ಸುಖಪುರುಷರ ಚಟ ಎಂದುಕೊಳ್ಳುವವರು ಇದನ್ನು ಗಮನಿಸಬೇಕು.

ಕನ್ನಡಿಗರಲ್ಲಿ ಹೆಚ್ಚಿನವರಿಗೆ ಇದರ ಪರಿಚಯ ರಾಫ್ಟಿನ ಮೂಲಕ. ದಾಂಡೇಲಿಯ ಕಾಳಿ ನದಿಯಲ್ಲೋ ದಕ್ಷಿಣ ಕೊಡಗಿನ ಬರಪೊಳೆಯಲ್ಲೋ ಗಾಳಿ ತುಂಬಿದ ರಾಫ್ಟಿನ ಅಂಚಿನಲ್ಲಿ ಕೂರಿಸಿ, ಪಾದವನ್ನು ಅಡ್ಡ ಟ್ಯೂಬಿನ ಕೆಳಗೆ ಸಿಕ್ಕಿಸಿಕೊಳ್ಳಿ ಎನ್ನುತ್ತಾರೆ. ಅದೇ ಉಸಿರಿನಲ್ಲಿ, ನೀರಿಗೆ ಬಿದ್ದರೆ ನಿಲ್ಲಲು ಹೋಗಬೇಡಿ, ಅಂಗಾತ ತೇಲಿ, ಕಾಲು ಮುಂದಕ್ಕೆ ಮೇಲಕ್ಕೆ ಇರಲಿ ಎನ್ನುತ್ತಾರೆ. ಮೊಣಕಾಲುದ್ದ ನೀರಿನಲ್ಲೂ ಪಾದ ಬಂಡೆಯ ಸಂದಿಗೆ ಸಿಕ್ಕಿದರೆ ಸೆಳವು ಮೈಯನ್ನು ಬಗ್ಗಿಸಿ ನೀರಿಗೆ ಅದುಮುತ್ತದೆ. ಅನುವಾದ ಮಾಡುವ ನನಗೆ ಇಲ್ಲಿ ಎರಡು ಕ್ರಿಯಾಪದಗಳು ಮುಖ್ಯವಾಗಿ ಕಾಣುತ್ತವೆ: ಸಿಕ್ಕಿಸು ಮತ್ತು ಸಿಕ್ಕಿಕೊಳ್ಳು. ಮೊದಲನೆಯದು ನಾವು ಬೇಕೆಂದು ಮಾಡುವುದು, ಎರಡನೆಯದು ನಮಗೆ ಆಗಿಬಿಡುವುದು. ದೋಣಿಯ ಒಳಗನ್ನು ಸಜ್ಜುಗೊಳಿಸುವವರ ಕೆಲಸವೆಲ್ಲ ಮೊದಲನೆಯದು ಎರಡನೆಯದಾಗದಂತೆ ನೋಡಿಕೊಳ್ಳುವುದು.

ಹೈದರಾಬಾದಿನಲ್ಲಿ ಸೆಳವಿನ ಹೊಳೆಯಿಲ್ಲ, ಹುಸೇನ್ ಸಾಗರವಿದೆ. 16ನೇ ಶತಮಾನದಲ್ಲಿ, ಇಬ್ರಾಹಿಂ ಕುಲಿ ಕುತುಬ್ ಷಾನ ಕಾಲದಲ್ಲಿ ಕಟ್ಟಿದ ಕೆರೆ. ಮಳೆಗಾಲದ ಹಾಯಿದೋಣಿ ಸ್ಪರ್ಧೆ ‘ಹೈದರಾಬಾದ್ ಸೇಲಿಂಗ್ ವೀಕ್’ ನಡೆಯುವಾಗ ದಂಡೆಯಲ್ಲಿ ನಿಂತು ನೋಡಿ. ಗಾಳಿಗೆ ವಾಲುವ ದೋಣಿಯ ಅಂಚಿನಿಂದ ಹುಡುಗ ಹುಡುಗಿಯರು ಹಿಂದಕ್ಕೆ ಬಾಗಿ ನೀರಿನ ಮೇಲೆ ತೂಗುತ್ತಿರುತ್ತಾರೆ. ಅವರನ್ನು ಹಿಡಿದಿರುವುದು ತಳದಲ್ಲಿ ಉದ್ದಕ್ಕೆ ಬಿಗಿದ ಒಂದು ಪಟ್ಟಿ, ಅದರ ಕೆಳಗೆ ತೂರಿಸಿದ ಪಾದ. ಮೇಲಕ್ಕೆ ಸೆಳೆದಷ್ಟೂ ಹಿಡಿತ, ಸಡಿಲ ಬಿಟ್ಟರೆ ಬಿಡುಗಡೆ. ಕನೂವಿನ ಗೂಟದ ನಿಯಮವೇ ಇಲ್ಲಿ ಪಟ್ಟಿಯ ರೂಪದಲ್ಲಿದೆ.

ಇದೇ ಊರಿನಿಂದ ಮಖ್ತಲ್ ಕಡೆಗೆ ಹೋಗಿ, ಕೃಷ್ಣೆಯ ನಡುಗಡ್ಡೆಯಲ್ಲಿರುವ ರಾಯಚೂರು ಜಿಲ್ಲೆಯ ಕುರವಪುರಕ್ಕೆ ದಾಟುವ ದತ್ತಭಕ್ತರು ಬಹಳ. ಆ ದಡದಲ್ಲಿ ಹರಿಗೋಲಿಗೆ ತೆಲುಗಿನ ಪುಟ್ಟಿ ಎಂಬ ಹೆಸರು. ಧಾನ್ಯ ಅಳೆಯುವ ಹಳೆಯ ಅಳತೆಗೂ ತೆಲುಗಿನಲ್ಲಿ ಅದೇ ಪದ. ಚರ್ಮ ಹೋಗಿ ಪ್ಲಾಸ್ಟಿಕ್ ಚೀಲ, ಡಾಂಬರು ಬಂದಿವೆ. ಎಷ್ಟೋ ಕಡೆ ಲೈಫ್ ಜಾಕೆಟ್ಟೂ ಬಂದಿದೆ. ಕಾಲಿಗೆ ಮಾತ್ರ ಪಾಯಸ್ ಕಾಲದಿಂದ ಹೊಸದೇನೂ ಬಂದಿಲ್ಲ. ಹರಿಗೋಲಿನ ಒಂದು ಒಳ್ಳೆಯತನವೂ ಅದೇ: ಅದರಲ್ಲಿ ಯಾರ ಕಾಲೂ ಯಾವುದಕ್ಕೂ ಸಿಕ್ಕಿಕೊಳ್ಳುವುದಿಲ್ಲ. ಅದರ ಕೊರತೆಯೂ ಅದೇ: ಗಾಬರಿಯಾದವರಿಗೆ ಊರಲು ಏನೂ ಇಲ್ಲದೆ ಎದ್ದು ನಿಲ್ಲುತ್ತಾರೆ. ಇಪ್ಪತ್ತು ಜನರನ್ನು ಕೂರಿಸುವ ದೊಡ್ಡ ಹರಿಗೋಲಿನ ತಳಕ್ಕೆ ಒಂದು ಬಿದಿರಿನ ತಟ್ಟಿ, ಕೂತವರು ಹಿಮ್ಮಡಿ ಊರಲು ಅದರ ಮೇಲೊಂದು ಸಣ್ಣ ಅಡ್ಡಪಟ್ಟಿ ಹಾಕುವುದಕ್ಕೆ ಖರ್ಚು ದೊಡ್ಡದೇನಲ್ಲ. ಬಿದಿರು ಹೆಣೆಯುವ ಕೈ ಅಲ್ಲೇ ಇದೆ. ಮುಂದಿನ ಸಲ ನೀವು ಹರಿಗೋಲು ಹತ್ತಿದಾಗ, ಹೊಳೆ ನೋಡುವ ಮೊದಲು ನಿಮ್ಮ ಪಾದ ಎಲ್ಲಿದೆ ಎಂದು ಒಮ್ಮೆ ನೋಡಿಕೊಳ್ಳಿ.