ಇದ್ದಲಿನೊಳಗಿನ ಕಾಡು



ನಾವು ನೆಲೆಸಿರುವ ಈ ಕೊಲ್ಲಿ ಪ್ರದೇಶಕ್ಕೂ ಕಲ್ಲಿದ್ದಲಿನ ಇತಿಹಾಸವಿದೆಯೆಂದರೆ ಹಲವರಿಗೆ ಆಶ್ಚರ್ಯವಾದೀತು. ಆಂಟಿಯಾಕ್ ಬಳಿಯ ಬ್ಲ್ಯಾಕ್ ಡೈಮಂಡ್ ಗಣಿಗಳಿಂದ 1860ರ ದಶಕ ಮೊದಲ್ಗೊಂಡು 20ನೆಯ ಶತಮಾನದ ಆರಂಭದವರೆಗೆ ಸುಮಾರು 40 ಲಕ್ಷ ಟನ್ ಇದ್ದಲನ್ನು ತೆಗೆಯಲಾಯಿತು. ಅದು ಸುಮಾರು 5 ಕೋಟಿ ವರ್ಷಗಳ ಹಿಂದಿನ ಜೌಗುನೆಲದ ಸಸ್ಯರಾಶಿ. ಆದರೆ ಇದ್ದಲಿನ ಹೆಂಟೆಯನ್ನು ಎಷ್ಟು ದಿಟ್ಟಿಸಿದರೂ ಅದರಲ್ಲಡಗಿದ ಮರ ಯಾವುದೆಂದು ತೋರದು. ಅದನ್ನರಿಯುವ ವಿದ್ಯೆ ಬೆಳೆದುಬಂದ ಬಗೆಯೇ ಇಂದಿನ ವಿಷಯ.

ಮರವೊಂದು ಇಡಿಯಾಗಿ ಕಲ್ಲಾಗುವುದು ತೀರ ವಿರಳ. ಎಲೆ ಒಂದೆಡೆ, ಕಾಂಡ ಇನ್ನೊಂದೆಡೆ, ಬೀಜ ಮತ್ತೊಂದೆಡೆ ದೊರೆಯುತ್ತವೆ. ಆದ್ದರಿಂದ ವಿಜ್ಞಾನಿಗಳು ತುಣುಕು ತುಣುಕಿಗೂ ಬೇರೆ ಹೆಸರಿಟ್ಟರು. ಸುಮಾರು 31 ಕೋಟಿ ವರ್ಷಗಳ ಹಿಂದೆ ಯುರೋಪ್, ಅಮೆರಿಕಗಳ ಜೌಗುಗಳಲ್ಲಿ 30 ಮೀಟರಿಗೂ ಮಿಗಿಲಾಗಿ ಬೆಳೆದ ಮರದ ಕಾಂಡಕ್ಕೆ ಲೆಪಿಡೊಡೆಂಡ್ರಾನ್, ಬೇರಿಗೆ ಸ್ಟಿಗ್ಮೇರಿಯ, ಶಂಕುವಿಗೆ ಲೆಪಿಡೊಸ್ಟ್ರೋಬಸ್. ಒಂದೇ ಮರಕ್ಕೆ ಮೂರು ಹೆಸರು! ಇದರ ಹಿಂದೆ ಒಂದು ಸಂಯಮವಿದೆ: ಸಾಕ್ಷ್ಯ ದೊರೆಯುವವರೆಗೆ ನಂಟು ಕಲ್ಪಿಸಬಾರದು.

ಇಂಗ್ಲೆಂಡಿನ ಲ್ಯಾಂಕಷೈರ್ ಗಣಿಗಳಲ್ಲಿ ಇದ್ದಲಿನ ನಡುವೆ ಸುಣ್ಣಾಂಶದ ಗಟ್ಟಿ ಉಂಡೆಗಳು ಸಿಗುತ್ತಿದ್ದವು. ಉರಿಯದ ಅವು ಗಣಿಗಾರರಿಗೆ ಬರಿಯ ಕಸ. ಆದರೆ ಸಸ್ಯರಾಶಿಯು ಒತ್ತಡದಿಂದ ಚಪ್ಪಟೆಯಾಗುವ ಮೊದಲೇ ಖನಿಜವು ಜೀವಕೋಶಗಳೊಳಗೆ ಇಳಿದು ಅವನ್ನು ಕಾಪಾಡಿತ್ತು. ನಾವು ವೈದ್ಯರು ಅಂಗಾಂಶವನ್ನು ಮೇಣದಲ್ಲಿ ಹುದುಗಿಸಿ ಕೊಯ್ದು ಪರೀಕ್ಷಿಸುತ್ತೇವೆ. ಇಲ್ಲಿ ಹುದುಗಿಸುವ ಕೆಲಸವನ್ನು ಪ್ರಕೃತಿಯೇ ಮಾಡಿತ್ತು. ಉಂಡೆಯನ್ನು ಸೀಳಿ, ಬೆಳಕು ಹಾಯುವಷ್ಟು ತೆಳುವಾಗಿ ಉಜ್ಜಿ, ಸೂಕ್ಷ್ಮದರ್ಶಕದಡಿ ಇಟ್ಟರಾಯಿತು.

1903ರಲ್ಲಿ ಆಲಿವರ್ ಮತ್ತು ಸ್ಕಾಟ್ ಎಂಬ ವಿಜ್ಞಾನಿಗಳು ಇಂತಹ ಪರೀಕ್ಷೆಯಲ್ಲಿ ಒಂದು ಬೀಜದ ಹೊರಕವಚದ ಮೇಲೆ ತೊಟ್ಟುಳ್ಳ, ಗುಂಡುತಲೆಯ ಗ್ರಂಥಿಗಳನ್ನು ಗಮನಿಸಿದರು. ಜರೀಗಿಡದಂತಹ ಎಲೆಯುಳ್ಳ ಸಸ್ಯವೊಂದರ ಕಾಂಡದ ಮೇಲೂ ಅವೇ ಗ್ರಂಥಿಗಳಿದ್ದವು. ಆ ಸ್ತರಗಳ ಬೇರಾವ ಸಸ್ಯದಲ್ಲೂ ಅಂದಿಗೆ ಅವು ಕಂಡಿರಲಿಲ್ಲ. ಜರೀಗಿಡಗಳಿಗೆ ಬೀಜವೇ ಇಲ್ಲ. ಆದರೂ ಬೀಜವೂ ಕಾಂಡವೂ ಒಂದೇ ಸಸ್ಯದವೆಂದು ಅವರು ತೀರ್ಮಾನಿಸಿದರು. ಎರಡೂ ಅಂಟಿಕೊಂಡಿದ್ದುದನ್ನು ಅವರು ಕಾಣಲಿಲ್ಲ. ಮರುವರ್ಷವೇ ಕಿಡ್‌ಸ್ಟನ್, ಇಂತಹುದೇ ಇನ್ನೊಂದು ಸಸ್ಯದಲ್ಲಿ ಎಲೆಗೆ ಅಂಟಿಕೊಂಡೇ ಇದ್ದ ಬೀಜಗಳನ್ನು ತೋರಿಸಿದರು. ಜರೀಗಿಡದ ಎಲೆ, ಬೀಜ ಎರಡೂ ಇದ್ದ ಒಂದು ಸಸ್ಯವರ್ಗವೇ ಹೀಗೆ ಬೆಳಕಿಗೆ ಬಂದಿತು.

ಭಾರತದ ಬಹುಪಾಲು ಇದ್ದಲು ಬೇರೊಂದು ಕಾಡಿನದು. ಅಲ್ಲಿ ಮೆರೆದುದು ನಾಲಗೆಯಾಕಾರದ ಎಲೆಯ ಗ್ಲಾಸಾಪ್ಟೆರಿಸ್. ಬ್ರಾಂಗ್ನಿಯಾರ್ 1828ರಲ್ಲಿಯೇ ಅದನ್ನು ಹೆಸರಿಸಿದ್ದನು. 1912ರಲ್ಲಿ ದಕ್ಷಿಣ ಧ್ರುವದಿಂದ ಹಿಂತಿರುಗುತ್ತ ಮಡಿದ ಕ್ಯಾಪ್ಟನ್ ಸ್ಕಾಟರ ತಂಡವು ಕೊನೆಯವರೆಗೂ ಹೊತ್ತಿದ್ದ 16 ಕಿಲೋಗ್ರಾಮ್ ಕಲ್ಲುಗಳಲ್ಲಿಯೂ ಆ ಎಲೆಯಿತ್ತೆಂದು ಸೂವರ್ಡ್ 1914ರಲ್ಲಿ ತಿಳಿಸಿದರು. ಭಾರತ, ಅಂಟಾರ್ಕ್ಟಿಕಗಳು ಒಂದೇ ಭೂಖಂಡವಾಗಿದ್ದುದಕ್ಕೆ ಆ ಎಲೆ ಸಾಕ್ಷಿ. ಆದರೂ ಅದರ ಫಲಾಂಗವು ಎಲೆಗೆ ಅಂಟಿಕೊಂಡಿರುವುದನ್ನು ದಕ್ಷಿಣ ಆಫ್ರಿಕದ ಎಡ್ನಾ ಪ್ಲಮ್‌ಸ್ಟೆಡ್ ತೋರಿಸಿದ್ದು 1952ರಲ್ಲಿ. ಹೆಸರಿಟ್ಟ 124 ವರ್ಷಗಳ ಮೇಲೆ!

ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. ಆದರೆ ರಾಯಚೂರಿನ ವಿದ್ಯುತ್ ಕೇಂದ್ರದಲ್ಲಿ ಉರಿದ ಸಿಂಗರೇಣಿಯ ಇದ್ದಲು ಆ ಗ್ಲಾಸಾಪ್ಟೆರಿಸ್ ಯುಗದ್ದೇ. ನಮ್ಮ ಊರುಗಳ ದೀಪ ಬೆಳಗಿದ್ದು ಆ ಕಾಡಿನಿಂದ.

ಮಕ್ಕಳೊಡನೆ ಒಮ್ಮೆ ಬ್ಲ್ಯಾಕ್ ಡೈಮಂಡ್ ಉದ್ಯಾನಕ್ಕೆ ಹೋಗಿಬನ್ನಿ. ಅಲ್ಲಿನ ಯಾವ ಚೂರನ್ನೂ ಎತ್ತಿಕೊಳ್ಳುವಂತಿಲ್ಲ. ನಿಯಮಕ್ಕೆ ತಕ್ಕ ಕಾರಣವೂ ಉಂಟು: ಯಾವ ಸ್ತರದಲ್ಲಿ, ಯಾವುದರ ಪಕ್ಕದಲ್ಲಿ ಇತ್ತೆಂಬುದು ತಿಳಿಯದ ಚೂರು ತನ್ನ ಅರ್ಧ ಸಾಕ್ಷ್ಯವನ್ನೇ ಕಳೆದುಕೊಂಡಿರುತ್ತದೆ.