ಮನೆಯ ಜನರೇಟರ್‌ಗೆ ಚೇಂಜ್‌ಓವರ್ ಸ್ವಿಚ್: ಏಕೆ, ಹೇಗೆ?

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳಲ್ಲಿ ವಿದ್ಯುತ್ ತಂತಿಗಳು ತೆಂಗು, ಅಡಿಕೆ ತೋಟಗಳ ಹಾಗೂ ಕಾಡಿನ ನಡುವೆ ಹಾದುಹೋಗುತ್ತವೆ. ಮಳೆಗಾಲದಲ್ಲಿ ಮರ ಉರುಳಿ ತಂತಿ ಕಡಿದರೆ ಪೂರೈಕೆ ಮರಳಲು ತಾಸುಗಳು, ಕೆಲವೊಮ್ಮೆ ದಿನಗಳೇ ಬೇಕಾಗುತ್ತವೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಈ ಕರಾವಳಿಯ ಹಲವೆಡೆ ವಿದ್ಯುತ್ ಕಂಬಗಳು ನೆಲಕ್ಕುರುಳಿದ್ದವು. ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪದಲ್ಲಿಯೇ 240 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರವಿದೆ. ಆದರೆ ಮನೆಗೆ ಬರುವ ತಂತಿ ತುಂಡಾದರೆ ಅದರಿಂದ ಪ್ರಯೋಜನವಿಲ್ಲ. ಆಗ ನೆರವಿಗೆ ಬರುವುದು ಮನೆಯ ಜನರೇಟರ್.

ಹಿಮ್ಮುಖ ಹರಿವಿನ ಅಪಾಯ

ಎರಡೂ ತುದಿಗೆ ಪ್ಲಗ್ ಇರುವ ತಂತಿಯಿಂದ ಜನರೇಟರನ್ನು ಗೋಡೆಯ ಸಾಕೆಟ್‌ಗೆ ಜೋಡಿಸುವುದು ಅತ್ಯಂತ ಅಪಾಯಕಾರಿ. ಮೇನ್ ಸ್ವಿಚ್ ಆರಿಸಲು ಮರೆತರೆ ವಿದ್ಯುತ್ ಮನೆಯಿಂದ ಕಂಬದತ್ತ ಹರಿಯುತ್ತದೆ. 11,000 ವೋಲ್ಟ್‌ಅನ್ನು ಮನೆಬಳಕೆಯ ಮಟ್ಟಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್, ಹಿಮ್ಮುಖವಾಗಿ ಬಂದ 230 ವೋಲ್ಟ್‌ಅನ್ನು ಮತ್ತೆ ಸಾವಿರಾರು ವೋಲ್ಟ್‌ಗಳಿಗೆ ಏರಿಸಬಲ್ಲದು. ಮಳೆಯಲ್ಲಿ ತಂತಿ ಜೋಡಿಸುತ್ತಿರುವ ಹೆಸ್ಕಾಂ ಲೈನ್‌ಮನ್‌ನ ಪ್ರಾಣಕ್ಕೆ ಇದು ಎರವಾಗಬಹುದು.

ಇದನ್ನು ತಡೆಯುವ ಸಾಧನವೇ ಚೇಂಜ್‌ಓವರ್ ಸ್ವಿಚ್. ಇದಕ್ಕೆ ಲೈನ್, ಶೂನ್ಯ ಮತ್ತು ಜನರೇಟರ್ ಎಂಬ ಮೂರು ಸ್ಥಾನಗಳಿರುತ್ತವೆ. ಒಂದು ಮೂಲ ಕಡಿದ ಬಳಿಕವೇ ಇನ್ನೊಂದು ಕೂಡಿಕೊಳ್ಳುವುದರಿಂದ ಎರಡೂ ಎಂದಿಗೂ ಸಂಧಿಸುವುದಿಲ್ಲ. ಇಲ್ಲಿ ಸುರಕ್ಷತೆಯು ಮನೆಯವರ ನೆನಪಿನ ಶಕ್ತಿಯನ್ನು ಅವಲಂಬಿಸಿಲ್ಲ.

ಆಯ್ಕೆ ಮತ್ತು ಅಳವಡಿಕೆ

ಸಿಂಗಲ್ ಫೇಸ್ ಮನೆಗೆ ಫೇಸ್ ಹಾಗೂ ನ್ಯೂಟ್ರಲ್ ಎರಡನ್ನೂ ಬದಲಿಸುವ ಎರಡು ಪೋಲ್‌ಗಳ ಸ್ವಿಚ್, ತ್ರೀ ಫೇಸ್ ಮನೆಗೆ ನಾಲ್ಕು ಪೋಲ್‌ಗಳ ಸ್ವಿಚ್ ಬೇಕು. ಅದರ ಆಂಪಿಯರ್ ಸಾಮರ್ಥ್ಯ ಮನೆಯ ಮೇನ್ ಎಂಸಿಬಿಗಿಂತ ಕಡಿಮೆ ಇರಬಾರದು.

ಈ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಮೀಟರಿನ ಸೀಲ್ ಮುಟ್ಟಕೂಡದು. ಮೀಟರ್ ದಾಟಿದ ಮೇನ್ ಸ್ವಿಚ್‌ನಿಂದ ಬರುವ ತಂತಿಯನ್ನು ಲೈನ್ ಬದಿಗೆ, ಜನರೇಟರಿನ ತಂತಿಯನ್ನು ಪ್ರತ್ಯೇಕ ಎಂಸಿಬಿ ಮೂಲಕ ಇನ್ನೊಂದು ಬದಿಗೆ, ಹೊರಹೋಗುವ ತಂತಿಯನ್ನು ಮನೆಯ ವಿತರಣಾ ಪೆಟ್ಟಿಗೆಗೆ ಜೋಡಿಸಲಾಗುತ್ತದೆ. ಜನರೇಟರಿನ ಲೋಹದ ಚೌಕಟ್ಟಿಗೆ ಅರ್ತಿಂಗ್ ಕಡ್ಡಾಯ. ಜನರೇಟರ್ ಚಾಲನೆಯಲ್ಲಿರುವಾಗ ಆರ್‌ಸಿಸಿಬಿ ಕೆಲಸ ಮಾಡಬೇಕಾದರೆ ಅದರ ನ್ಯೂಟ್ರಲ್‌ಗೂ ಸರಿಯಾದ ಅರ್ತಿಂಗ್ ಇರಬೇಕು.

ಕರಾವಳಿಯ ಉಪ್ಪುಗಾಳಿಗೆ ತಗಡಿನ ಪೆಟ್ಟಿಗೆ ಬೇಗ ತುಕ್ಕು ಹಿಡಿಯುತ್ತದೆ. ನೀರು ನುಗ್ಗದ ಪಾಲಿಕಾರ್ಬೊನೇಟ್ ಪೆಟ್ಟಿಗೆ ಸೂಕ್ತ. ಚಿರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ತಿಂಗ್ ದುರ್ಬಲವಾಗುವುದರಿಂದ ಅದನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು.

ಬಳಕೆಯ ಕ್ರಮ

ವಿದ್ಯುತ್ ಹೋದಾಗ ಮೊದಲು ಎಲ್ಲ ಉಪಕರಣಗಳನ್ನು ಆರಿಸಿ, ಸ್ವಿಚ್ಚನ್ನು ಶೂನ್ಯಕ್ಕೆ ತಿರುಗಿಸಬೇಕು. ಜನರೇಟರ್ ಆರಂಭಿಸಿ, ಅದರ ವೇಗ ಸ್ಥಿರವಾದ ಬಳಿಕ ಸ್ವಿಚ್ಚನ್ನು ಜನರೇಟರ್ ಸ್ಥಾನಕ್ಕೆ ತಂದು ಉಪಕರಣಗಳನ್ನು ಒಂದೊಂದಾಗಿ ಹಾಕಬೇಕು. 2 ಕೆವಿಎ ಜನರೇಟರ್ ನೀಡುವುದು 9 ಆಂಪಿಯರ್‌ಗಿಂತಲೂ ಕಡಿಮೆ. ಬಾವಿಯ ಪಂಪ್ ಆರಂಭದಲ್ಲಿ ಸಾಮಾನ್ಯಕ್ಕಿಂತ ಹಲವು ಪಟ್ಟು ವಿದ್ಯುತ್ ಸೆಳೆಯುತ್ತದೆ. ಅದು ಸಣ್ಣ ಜನರೇಟರಿಗೆ ನಿಲುಕದು. ಪೂರೈಕೆ ಮರಳಿದಾಗ ಉಪಕರಣಗಳನ್ನು ಆರಿಸಿ, ಶೂನ್ಯದ ಮೂಲಕ ಲೈನ್‌ಗೆ ಹಿಂದಿರುಗಬೇಕು.

ಮಳೆಯೆಂದು ಜನರೇಟರನ್ನು ಜಗಲಿಯಲ್ಲಾಗಲಿ, ಮುಚ್ಚಿದ ಕೋಣೆಯಲ್ಲಾಗಲಿ ಇಡಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಮಲಗಿದ್ದವರು ಎಚ್ಚರಗೊಳ್ಳದೆಯೇ ಸಾಯಬಹುದು. ಕಿಟಕಿ, ಬಾಗಿಲುಗಳಿಂದ ದೂರದಲ್ಲಿ, ಗಾಳಿಯಾಡುವ ಮಾಡಿನ ಕೆಳಗೆ ಇರಿಸಬೇಕು.

ಅಳವಡಿಕೆ ಮುಗಿದ ದಿನವೇ ಗುತ್ತಿಗೆದಾರರಿಂದ ಒಂದು ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು. ಮೇನ್ ಸ್ವಿಚ್ ಆರಿಸಿ, ಜನರೇಟರ್ ಓಡುತ್ತಿರುವಾಗ ಚೇಂಜ್‌ಓವರ್ ಸ್ವಿಚ್ಚಿನ ಲೈನ್ ಬದಿಯಲ್ಲಿ ವೋಲ್ಟೇಜ್ ಶೂನ್ಯವಿರಬೇಕು. ಅಲ್ಲಿ ವೋಲ್ಟೇಜ್ ಕಂಡುಬಂದರೆ ದೋಷ ಸರಿಪಡಿಸುವವರೆಗೆ ಜನರೇಟರ್ ಬಳಸಕೂಡದು. ತಂತಿ ಕಡಿದು ಬಿದ್ದಿದ್ದರೆ ಹತ್ತಿರ ಸುಳಿಯದೆ 1912ಕ್ಕೆ ಕರೆ ಮಾಡಬೇಕು.